ಗಂಟಿನ ಜೊತೆ ಬಂದ ಕಾಲೇಜು

ಕಲ್ಲಯ್ಯನ ಮನೆಯಲ್ಲಿ ಗಂಟು ಕಟ್ಟುವುದಕ್ಕೆ ಒಂದು ಕ್ರಮವಿತ್ತು. ಮೊದಲು ಮಗಳ ಟಿಸಿ. ಆಮೇಲೆ ಹಾಸಿಗೆ, ಬಟ್ಟೆ, ಪಾತ್ರೆ. ಎಲ್ಲಕ್ಕಿಂತ ಕೊನೆಗೆ ರೊಟ್ಟಿ ಸುಡುವ ಹಂಚು. ದಾರಿಯ ಬುತ್ತಿ ಮುಗಿಯುವವರೆಗೆ ಅದು ಒಲೆಯ ಮೇಲೆಯೇ ಇರಬೇಕು, ಬಿಸಿ ಆರಿದ ಮೇಲೆಯೇ ಗಂಟು ಸೇರಬೇಕು.

ಟಿಸಿಗೆ ಮೊದಲ ಸ್ಥಾನ ಸಿಕ್ಕಿದ್ದು ಪೆಟ್ಟು ತಿಂದ ಮೇಲೆ. ಬಾಗಲಕೋಟೆ ಕಡೆಯಿಂದ ಕರಾವಳಿಗೆ ಮೊದಲ ಸಲ ಹೊರಟಾಗ ಊರಿನ ಶಾಲೆಯ ಮಾಸ್ತರರು "ಹೋಗ್ರಿ, ಕಾಗದ ಆಮ್ಯಾಲೆ ಕಳಸ್ತೀನಿ" ಎಂದಿದ್ದರು. ಕಾಗದ ಬರಲಿಲ್ಲ. ಹೊಸ ಊರಿನ ಶಾಲೆ ಅದಿಲ್ಲದೆ ಸೇರಿಸಿಕೊಳ್ಳಲಿಲ್ಲ. ಮಗಳು ಶಶಿಕಲಾ ಒಂದು ವರ್ಷ ಇಟ್ಟಿಗೆ ರಾಶಿಯ ನೆರಳಿನಲ್ಲಿ ತಮ್ಮನನ್ನು ಆಡಿಸುತ್ತ ಕೂತಳು. ಅಂದಿನಿಂದ ಕಲ್ಲಯ್ಯ ಮಾತನ್ನು ನಂಬುವುದು ಬಿಟ್ಟು ಕಾಗದವನ್ನು ನಂಬತೊಡಗಿದ.

ಅವನದು ಸೆಂಟ್ರಿಂಗ್ ಕೆಲಸ. ಕಾಂಕ್ರೀಟು ಬೀಳುವ ಮೊದಲು ಹಲಗೆ ಹೊಡೆದು, ಕಂಬ ಕೊಟ್ಟು ಅಚ್ಚು ಕಟ್ಟಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚಿಕೊಂಡು ಹೋಗಬೇಕು. ಮನೆಗೆ ಬಾಗಿಲು, ಬಣ್ಣ, ದೀಪ ಬರುವ ಹೊತ್ತಿಗೆ ಅವನು ಇನ್ನೊಂದು ಊರಿನಲ್ಲಿರುತ್ತಿದ್ದ.

2008ರ ಬೇಸಿಗೆಯಲ್ಲಿ ಅವರು ಮಣಿಪಾಲದಲ್ಲಿದ್ದರು. ಝೀಟಾ ಬಾಯಿಯ ಮನೆಯ ಹಿಂದಿನ ಸಾಲು ಬಿಡಾರದಲ್ಲಿ ಒಂದು ಕೋಣೆ. ಒಂದು ಸಂಜೆ ಕಲ್ಲಯ್ಯ ಕೆಲಸದಿಂದ ಬಂದವನೇ ಕಾಲು ತೊಳೆಯುತ್ತ ಹೇಳಿದ:

"ಸೋಮವಾರ ಲಾರಿ ಬರತೈತಿ. ನಂದಿಕೂರ ಅಂತ. ಅಲ್ಲೆ ದೊಡ್ಡ ಕಾರ್ಖಾನಿ ಏಳಾಕತ್ತೈತಿ. ಭಾಳ ದಿನದ ಕೆಲಸ ಅಂದಾನ ಮೇಸ್ತ್ರಿ ಸಿದ್ದಣ್ಣ."

ಹೆಂಡತಿ ದ್ರಾಕ್ಷಾಯಿಣಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಮತ್ತ ಇಕಿ ಕಾಲೇಜ?"

"ಏನ್ ಕಾಲೇಜ? ಪುಸ್ತಕ ಇಲ್ಲ, ಪಾಟಿ ಇಲ್ಲ. ವಾಯರ್ ಸುಲಿಯೂದ ಕಲಿಸಿದ್ರ ಅದಕ್ಕ ಕಾಲೇಜ ಅಂತಾರೇನ?"

ಹತ್ತನೆಯ ತರಗತಿಯಲ್ಲಿ ಫೇಲಾದ ಮೇಲೆ ಶಶಿಕಲಾ ತಾಯಿಯ ಜೊತೆ ಜಲ್ಲಿ ಬುಟ್ಟಿ ಹೊತ್ತಿದ್ದಳು. ಹತ್ತನೆಯದು ಪಾಸಾಗದವರಿಗೂ ಕೈಕೆಲಸ ಕಲಿಸುವ ಮಣಿಪಾಲದ ಸಮುದಾಯ ಕಾಲೇಜಿಗೆ ಅವಳನ್ನು ಕರೆದುಕೊಂಡು ಹೋದವಳು ಝೀಟಾ. ಬೆಳಿಗ್ಗೆ ಕೆಲಸ, ಮಧ್ಯಾಹ್ನದ ಮೇಲೆ ಕಲಿಕೆ. ಮನೆ ವೈರಿಂಗಿನ ಪಾಠ ಮುಗಿದಿತ್ತು. ಮೋಟರು, ಪಂಪು ಬಾಕಿ ಇತ್ತು.

ಕೋಣೆಯಲ್ಲಿ ಸೆಕೆ. ಕಲ್ಲಯ್ಯ ಹಳೆಯ ಫ್ಯಾನಿನ ಎರಡು ವೈರುಗಳನ್ನು ಗೋಡೆಯ ಸಾಕೆಟ್ಟಿನ ತೂತುಗಳಿಗೆ ತೂರಿಸಿ, ಬಿಗಿಯಾಗಿ ನಿಲ್ಲಲೆಂದು ಒಲೆಯ ಬಳಿಯ ಕಡ್ಡಿಪೆಟ್ಟಿಗೆಗೆ ಕೈ ಹಾಕಿದ.

"ಇಡ್ರಿ ಅದನ್ನ!" ಎಂದಳು ದ್ರಾಕ್ಷಾಯಿಣಿ. "ಇದ್ದ ಕಡ್ಡಿ ಎಲ್ಲಾ ಆ ತೂತಿಗೇ ತುರಕೀರಿ. ನಾಳಿ ಒಲಿ ಹಚ್ಚಾಕ ನನ್ನ ಬೆರಳ ತಿಕ್ಲೇನ?"

"ಪ್ಲಗ್ ಹಾಕ್ತೀನಿ ಅಂದ್ರ ಕೇಳೂದಿಲ್ಲ ಅಪ್ಪ," ಎಂದಳು ಶಶಿಕಲಾ. "ಹಂಗ ಕಡ್ಡಿ ಇಟ್ರ ಶಾಕ್ ಹೊಡೀತೈತಿ."

"ಇಷ್ಟ ವರ್ಷ ಹೊಡದೈತೇನ?"

"ಹೊಡೆದಿದ್ದರೆ ಹೇಳಲಿಕ್ಕೆ ನೀವು ಇರ್ತಿರ್ಲಿಲ್ಲ, ಮಾರಾಯ್ರೆ," ಎಂದು ಹೊರಗಿನಿಂದ ಝೀಟಾ ನಕ್ಕಳು. ಅವಳು ಜಗಲಿಯ ತುದಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ತವರು ಮಲ್ಲಿಗೆಗೆ ಹೆಸರಾದ ಶಂಕರಪುರ, ಮದುವೆಯಾಗಿ ಎಷ್ಟು ವರ್ಷವಾದರೂ ಕೈ ಮಲ್ಲಿಗೆ ಬಿಟ್ಟಿರಲಿಲ್ಲ. "ಹುಡುಗಿಯನ್ನು ಬಿಡಿಸುವುದು ಎಂತಕ್ಕೆ? ಕಾಪುವಿನಲ್ಲಿಯೂ ಉಂಟಲ್ಲ ಆ ಕಾಲೇಜು. ನನ್ನ ಅಣ್ಣನ ಮಗ ಡೊಮಿನಿಕ್ ಫ್ರಿಜ್ ರಿಪೇರಿ ಕಲಿತದ್ದು ಅಲ್ಲಿಯೇ. ನಂದಿಕೂರು ಕಡೆಯಿಂದ ಬಸ್ಸುಂಟು."

"ಅದು ಬ್ಯಾರೆ ಕಾಲೇಜ, ಬಾಯಮ್ಮ."

"ಎಂತ ಬೇರೆ? ಒಂದೇ ಕಾಲೇಜು. ಮಣಿಪಾಲದಲ್ಲಿ ಒಂದು ಬಾಗಿಲು, ಕಾಪುವಿನಲ್ಲಿ ಒಂದು, ಕಾರ್ಕಳದಲ್ಲಿ ಒಂದು."

"ಮೂರು ಊರಾಗ ಬಾಗಲಾ ಇರೂ ಹಂತಾ ಮನಿಗೆ ನಾ ಸೆಂಟ್ರಿಂಗ್ ಹೊಡದಿಲ್ಲ," ಎಂದ ಕಲ್ಲಯ್ಯ.

ಆದರೂ ಮಾತು ಅವನ ತಲೆಯಲ್ಲಿ ಉಳಿಯಿತು. ಕಾಪುವಿನಲ್ಲಿ ಕಾಲೇಜು ಇರುವುದೇ ನಿಜವಾದರೆ, ಅಲ್ಲಿ ಸೇರಿಸಲು ಏನು ಬೇಕು? ಟಿಸಿ ಬೇಕು. ಈ ಸಲ ತಾನು ಮೋಸ ಹೋಗಬಾರದು. ಅವನು ಯಾರಿಗೂ ಹೇಳದೆ ಮರುದಿನ ಊಟದ ಬಿಡುವಿನ ನಂತರ ಕೆಲಸ ತಪ್ಪಿಸಿ, ಸಿಮೆಂಟು ಮೆತ್ತಿದ ಕೈಯಲ್ಲೇ ಕಾಲೇಜಿಗೆ ಹೋದ.

ಅಲ್ಲಿನ ಮುಖ್ಯಸ್ಥರು ಫೌಸ್ಟಿನ್ ಎಂಬವರು. ಮೇಜಿನ ಮೇಲೆ ಬಿಚ್ಚಿಟ್ಟ ಮಿಕ್ಸಿ, ಅದರ ಪಕ್ಕದಲ್ಲಿ ಅರ್ಧ ಕುಡಿದ ಚಹಾ.

"ಶಶಿಕಲಾನ ಟಿಸಿ ಕೊಡ್ರಿ, ಸಾಹೇಬ್ರ. ಕಾಪುಕ್ಕ ಹಾಕಬೇಕ."

"ಕಾಪುವಿಗೆ ಹೋಗಲು ಟಿಸಿ ಎಂತಕ್ಕೆ?" ಎಂದರು ಫೌಸ್ಟಿನ್. "ಟಿಸಿ ಬರೆದರೆ ಅವಳು ಕಾಲೇಜು ಬಿಟ್ಟಳು ಅಂತ ಅರ್ಥ. ಹೆಸರು ತೆಗೆಯಬೇಕಾಗುತ್ತದೆ. ಆಮೇಲೆ ಮುಂದಿನ ತಂಡಕ್ಕೆ ಕಾದು ಮೊದಲಿನಿಂದ ಸುರು ಮಾಡಬೇಕು. ಹಾಗೇ ಹೋಗಲಿ ಅವಳು. ಕಲಿತದ್ದು ಲೆಕ್ಕಕ್ಕೆ ಉಂಟು."

"ಹಿಂದ ಒಬ್ರು ಹಿಂಗಽ ಅಂದಿದ್ರು. ಹಂಗಽ ಹೋಗ್ರಿ ಅಂತ. ಮಗಳ ಒಂದು ವರ್ಷ ಹೋತು. ನನಗ ಕಾಗದ ಕೊಡ್ರಿ."

ಫೌಸ್ಟಿನ್ ಅವನ ಮುಖ ನೋಡಿದರು. ಒಂದು ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ತಂದೆ ಕೇಳಿದರೆ ಇಲ್ಲ ಅನ್ನಲಿಕ್ಕಾಗುವುದಿಲ್ಲ. ನಾನು ಬರೆಯುತ್ತಿರುತ್ತೇನೆ. ಅವಳು ಒಳಗೆ ಕೆಲಸದಲ್ಲಿದ್ದಾಳೆ, ಒಮ್ಮೆ ನೋಡಿ ಬನ್ನಿ."

ಒಳಗಿನ ದೊಡ್ಡ ಕೋಣೆಯ ನಡುವೆ ಒಂದು ಗೋಡೆ ನಿಂತಿತ್ತು. ಮನೆ ಇಲ್ಲ, ಮಾಡು ಇಲ್ಲ, ಬರೀ ಗೋಡೆ. ಕಲಿಯುವವರು ಅದನ್ನು ಕೊರೆದು, ಪೈಪು ಕೂರಿಸಿ, ಗಾರೆ ಮುಚ್ಚಿ, ಮತ್ತೆ ಕೊರೆದಿದ್ದರು. ಇಂಥ ಹಾಳು ಗೋಡೆಯನ್ನು ಕಲ್ಲಯ್ಯ ಎಲ್ಲಿಯೂ ನೋಡಿರಲಿಲ್ಲ. ಶಶಿಕಲಾ ಅಭ್ಯಾಸಕ್ಕೆಂದು ಏಣಿ ಹತ್ತಿದ್ದಳು.

"ಇಳಿ ಕೆಳಗ," ಎಂದ ಕಲ್ಲಯ್ಯ.

"ತಡೀಪ್ಪ, ಬಂದಿ ಅಂದ್ರ ಕೈ ಹಚ್ಚು. ಜೋಡಿಯಾಕಿ ಇವತ್ತ ಬಂದಿಲ್ಲ. ಕೆಳಗಿನ ಡಬ್ಬಿಯಿಂದ ವಾಯರ್ ತಳ್ಳು, ನಾ ಜಗ್ತೀನಿ. ಹಗೂರಕ!"

ಅವನು ಕುಕ್ಕರಗಾಲಲ್ಲಿ ಕೂತು ವೈರನ್ನು ಪೈಪಿನೊಳಗೆ ತಳ್ಳಿದ. ಸ್ಲ್ಯಾಬಿನೊಳಗೆ ಹೋಗುವ ಪೈಪುಗಳನ್ನು ಅವನು ಎಷ್ಟೋ ಸಲ ದಾಟಿದ್ದ, ಕೆಲವೊಮ್ಮೆ ತುಳಿದದ್ದೂ ಇತ್ತು. ಅವುಗಳೊಳಗೆ ಹೋದದ್ದು ಎಲ್ಲಿ ಹೊರಗೆ ಬರುತ್ತದೆ ಎಂದು ನೋಡುವುದಕ್ಕೆ ಅವನು ಯಾವ ಮನೆಯಲ್ಲಿಯೂ ಉಳಿದಿರಲಿಲ್ಲ. ವೈರು ಮೇಲೆ ಹೋಯಿತು, ತಿರುವಿನಲ್ಲಿ ತಡೆಯಿತು, ಮತ್ತೆ ಸರಿಯಿತು. ಶಶಿಕಲಾ ತುದಿಗಳನ್ನು ಸುಲಿದು ಜೋಡಿಸಿದಳು. ಇಳಿದು ಬಂದು ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿದಳು. ಆಮೇಲೆ ಸ್ವಿಚ್ಚು ಒತ್ತಿದಳು.

ನಟ್ಟಹಗಲಿನಲ್ಲಿ ಒಂದು ಬಲ್ಬು ಉರಿಯಿತು. ಬೆಳಕು ಅಷ್ಟೇನೂ ಕಾಣಿಸಲಿಲ್ಲ. ಕಲ್ಲಯ್ಯ ಅದನ್ನೇ ನೋಡುತ್ತ ನಿಂತ.

"ನೀ ಯಾಕ ಬಂದೀಯಪ್ಪ?"

"ಟಿಸಿಗೆ. ಸಾಹೇಬ್ರು ಬರೀಲಿಕತ್ತಾರ."

ಅವಳ ಕೈಯ ಟೆಸ್ಟರು ಕೆಳಗೆ ಬಿತ್ತು. "ಬ್ಯಾಡಪ್ಪ. ಕಾಪುಕ್ಕ ಹೋಗಾಕ ಅದು ಬೇಕಾಗಿಲ್ಲ. ಒಮ್ಮೆ ಇಟ್ಟಂಗಿ ನೆಳ್ಳಾಗ ಕುಂತೀನಿ. ಮತ್ತ ಕುಂದರಸಬ್ಯಾಡ."

ಕಲ್ಲಯ್ಯ ಮರಳಿ ಬಂದಾಗ ಹಾಳೆಯಲ್ಲಿ ಅವಳ ಹೆಸರು ಬಿದ್ದಾಗಿತ್ತು. ಸಹಿ ಬಾಕಿ ಇತ್ತು.

"ನಿಂದರ್ರಿ," ಎಂದ. "ಕಾಪುದಾಗ ಯಾರರೆ ಅದಾರೇನು, ಇಕಿ ಬರತಾಳ ಅಂತ ಗೊತ್ತಿದ್ದಾವ್ರು?"

ಫೌಸ್ಟಿನ್ ಫೋನು ತಿರುಗಿಸಿ, ಶಶಿಕಲಾಳ ವಿಷಯ ಹೇಳಿ, ರಿಸೀವರನ್ನು ಅವನ ಕೈಗೆ ಕೊಟ್ಟರು. ಆ ಕಡೆ ಒಬ್ಬ ಹೆಂಗಸಿನ ದನಿ. ಕಾಪುವಿನಲ್ಲಿ ಮೋಟರು ಕಲಿಸುವ ಪುಷ್ಪಾವತಿ ಎಂದು ಹೇಳಿಕೊಂಡರು.

"ಶಶಿಕಲಾನ ತಂದೆ ಅಲ್ವಾ? ಮನೆ ವೈರಿಂಗಿನ ಪಾಠ ಮುಗಿಸಿದ್ದಾಳೆ ಅಂತ ಸರ್ ಹೇಳಿದರು. ಇಲ್ಲಿ ಮೋಟರಿನಿಂದಲೇ ಸುರು ಮಾಡುವ. ಮಧ್ಯಾಹ್ನದ ತಂಡದಲ್ಲಿ ಜಾಗ ಇಟ್ಟಿದ್ದೇನೆ. ಬುತ್ತಿ ಕಟ್ಟಿಕೊಂಡು ಬರಲಿಕ್ಕೆ ಹೇಳಿ, ಹತ್ತಿರ ಹೋಟೆಲಿಲ್ಲ."

ಕಲ್ಲಯ್ಯ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟ. ಅವನು ಬಹಳ ಊರುಗಳಿಗೆ ಹೋಗಿದ್ದ. ಯಾವ ಊರಿನಲ್ಲಿಯೂ ಅವರ ಹೆಸರು ಅವರಿಗಿಂತ ಮೊದಲು ಹೋಗಿ ಕಾದಿರಲಿಲ್ಲ.

"ಆ ಹಾಳಿ ಹರದ ಬಿಡ್ರಿ, ಸಾಹೇಬ್ರ."

"ಹರಿಯುವುದೆಂತಕ್ಕೆ? ಹಿಂದಿನ ಬದಿ ಖಾಲಿ ಉಂಟು," ಎಂದು ಫೌಸ್ಟಿನ್ ಅದನ್ನು ಮಗುಚಿ, ಮಿಕ್ಸಿಯ ಸ್ಕ್ರೂಗಳನ್ನು ಅದರ ಮೇಲೆ ಸುರುವಿದರು.

ಸೋಮವಾರ ಲಾರಿ ಬಂತು. ಗಂಟು ಕಟ್ಟುವಾಗ ಮೊದಲ ಜಾಗ ಖಾಲಿಯಾಗಿತ್ತು. ಕಲ್ಲಯ್ಯನಿಗೆ ಏನನ್ನೋ ಮರೆತಂತೆ ಅನಿಸುತ್ತಲೇ ಇತ್ತು. ಕೊನೆಗೆ ಹಂಚು ಆರಿತು, ಹೊರಟರು.

ನಂದಿಕೂರಿನ ತಗಡಿನ ಶೆಡ್ಡುಗಳಲ್ಲಿ ತೂತಿಗೊಂದು ವೈರು, ವೈರಿಗೆರಡು ಕಡ್ಡಿ. ಶಶಿಕಲಾ ಮೊದಲು ತಮ್ಮ ಶೆಡ್ಡಿನ ಫ್ಯಾನಿಗೆ ಪ್ಲಗ್ಗು ಹಾಕಿದಳು. ಮೇಸ್ತ್ರಿ ಸಿದ್ದಣ್ಣ ನೋಡಿ, "ಹೆಣ್ಣಹುಡುಗಿ ಕರೆಂಟ್ ಮುಟ್ತಾಳಲೋ ಕಲ್ಲಯ್ಯ!" ಎಂದ.

"ಮುಟ್ಟೂದಿಲ್ಲ. ಮೊದಲ ಮೇನ್ ಆಫ್ ಮಾಡ್ತಾಳ," ಎಂದ ಕಲ್ಲಯ್ಯ. "ನೀ ಮುಟ್ತಿ, ಕಡ್ಡಿ ಹಿಡದು."

ಆ ವಾರ ಸಿದ್ದಣ್ಣನ ಶೆಡ್ಡಿಗೂ ಪ್ಲಗ್ಗು ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಕಾಪುವಿನಲ್ಲಿ ಮೋಟರು ಬಿಚ್ಚಿ ತಂತಿ ಸುತ್ತುತ್ತಿದ್ದಳು. ಕೆಲಸದ ಜಾಗದಲ್ಲಿ ಪಂಪು ನಿಂತರೆ ಅವಳನ್ನೇ ಕರೆಯತೊಡಗಿದರು. ನಂದಿಕೂರಿನ ಕೆಲಸ ಮುಗಿಯುತ್ತ ಬಂದಾಗ ಸಿದ್ದಣ್ಣ ಬಂದು, ಮುಂದಿನ ಕೆಲಸ ಕಾರ್ಕಳದಲ್ಲಿ ಎಂದ. ದ್ರಾಕ್ಷಾಯಿಣಿ ಮಗಳ ಕಡೆ ನೋಡಿದಳು. ಮಗಳು ಅಪ್ಪನ ಕಡೆ ನೋಡಿದಳು.

"ಕಾರ್ಕಳದಾಗ ಯಾರಿಗೆ ಫೋನ್ ಹಚ್ಚಬೇಕ?" ಎಂದ ಕಲ್ಲಯ್ಯ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸವೂ ಊರು ಬದಲಿಸುತ್ತಿರಬಹುದು. ನಿಮ್ಮ ಮಗನೋ ಮಗಳೋ ಹತ್ತನೆಯದರಲ್ಲಿ ನಿಂತಿರಬಹುದು. ಅದನ್ನೇ ಕೊನೆ ಎಂದುಕೊಳ್ಳಬೇಡಿ. ಕೈಯಿಂದ ಮಾಡಿ ಕಲಿಯುವ ಸಮುದಾಯ ಕಾಲೇಜು ಹತ್ತಿರದಲ್ಲಿ ಎಲ್ಲಿದೆ ಎಂದು ವಿಚಾರಿಸಿ. ಒಳಗೆ ಹೋಗಿ ನೋಡಿ, ಸಾಧ್ಯವಾದರೆ ವೈರಿನ ಒಂದು ತುದಿ ನೀವೂ ಹಿಡಿಯಿರಿ. ಊರು ಬಿಡುವಾಗ ಹೆಸರು ತೆಗೆಸಬೇಡಿ. ಮುಂದಿನ ಊರಿನಲ್ಲಿ ಅದೇ ಕಾಲೇಜಿನ ಬಾಗಿಲು ಇದೆಯೇ ಎಂದು ಮೊದಲು ಕೇಳಿ.

ಮತ್ತು ಕಡ್ಡಿಪೆಟ್ಟಿಗೆ ಒಲೆಯ ಹತ್ತಿರವೇ ಇರಲಿ.