ಪಕ್ಕದ ಜಿಲ್ಲೆಯ ಶಾಲೆ

ಶಾಲೆಯ ನೀಲಿ ಪಿನಾಫೋರಿನ ಮೂರನೆಯ ನೆರಿಗೆಯನ್ನು ದೇವಕಿ ಇಸ್ತ್ರಿ ಮಾಡುತ್ತಿದ್ದಳು. ಭಾನುವಾರದ ಈ ಕೆಲಸವನ್ನು ಬೇಕೆಂದೇ ಎಳೆಯುವುದು ಅವಳ ರೂಢಿ. ಬಟ್ಟೆಯೆಲ್ಲ ಚೀಲ ಸೇರಿದರೆ ಮಗಳು ಚೈತನ್ಯಾ ನಿಲಾಯ್ ಸ್ಟೇಷನ್ನಿನಲ್ಲಿ ಕಾಜಾಂಗಿನ ರೈಲು ಹತ್ತುತ್ತಾಳೆ; ಮತ್ತೆ ಶುಕ್ರವಾರದವರೆಗೆ ಮನೆ ಬಿಕೋ ಎನ್ನುತ್ತದೆ.

ಎರಡು ವರ್ಷದಿಂದ ಹುಡುಗಿ ಪಕ್ಕದ ಜಿಲ್ಲೆಯ ಆ ಊರಿನಲ್ಲಿ ಸೋದರತ್ತೆ ಮೋಹಿನಿಯ ಮನೆಯಲ್ಲಿದ್ದು ಓದುತ್ತಿದ್ದಳು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ದೇವಕಿಯ ಗಂಡ ನಿತ್ಯಾನಂದ ಅಕ್ಕಪಕ್ಕದ ಎರಡು ಜಿಲ್ಲೆಗಳ ಸರ್ಕಾರಿ ಶಾಲೆಗಳ ಸರಾಸರಿ ಫಲಿತಾಂಶದ ಅಂಕಿ ಕಲೆಹಾಕಿ, ಪಟ್ಟಿ ಮಾಡಿ, ಫ್ರಿಜ್ಜಿಗೆ ಅಂಟಿಸಿದ್ದ. ಮನೆ ಹತ್ತಿರದ ಶಾಲೆಗೆ ನಾಲ್ಕು, ಕಾಜಾಂಗಿನದಕ್ಕೆ ಐದೂವರೆ. ಇನ್ನೇನು ಯೋಚಿಸುವುದಿದೆ ಎಂದಿದ್ದ.

ಆ ದಿನ ಕರಿಬೇವು ಕೇಳಲು ಮೊದಲ ಸಲ ಅಡುಗೆಮನೆಯವರೆಗೆ ಬಂದ ಪಕ್ಕದ ಮನೆಯ ಗುಲಾಬಿ ಫ್ರಿಜ್ಜಿನ ಮುಂದೆ ನಿಂತೇಬಿಟ್ಟಳು. ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಈ ದೇಶಕ್ಕೆ ಬಂದ ಮನೆಯವಳು, ಮಾತಿನ ಕೊನೆಗೆ ಇಲ್ಲಿಯವರ ಹಾಗೆ 'ಲಾ' ಸೇರಿಸುವವಳು, ಹತ್ತಿರದ ಆ ನಿಲಾಯ್ ಶಾಲೆಯ ಕಚೇರಿಯಲ್ಲೇ ಗುಮಾಸ್ತೆ.

"ಎಂತ ದೇವಕಕ್ಕ, ಐದೂವರೆಗೆ ಕೆಂಪು ಗೆರೆ ಎಳೆದಿದ್ದೀರಿ? ಇಲ್ಲಿ ಸಣ್ಣದಾದಷ್ಟು ಒಳ್ಳೇದು ಲಾ. ಎಲ್ಲರಿಗೂ ಎ ಪ್ಲಸ್ ಬಂದ್ರೆ ಸೊನ್ನೆ. ನಿಮ್ಮ ಮೇಷ್ಟ್ರು ಯಾರನ್ನೂ ಕೇಳ್ಲಿಲ್ವಾ?"

ಕೇಳಿರಲಿಲ್ಲ. ತಾಯ್ನಾಡಿನಲ್ಲಿ ಅಂಕ ಹೆಚ್ಚಿದಷ್ಟೂ ಮೇಲು ಎಂಬ ಲೆಕ್ಕದಲ್ಲೇ ಓದಿ, ಅದನ್ನೇ ಹಿಡಿದು ಮಕ್ಕಳಿಗೆ ಪಾಠ ಹೇಳಿದವನು ಅವನು. ಸಂಜೆ ಗುಲಾಬಿಯ ಮಾತು ಹೇಳಿದಾಗ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, ವರ್ಷದ ನಡುವೆ ಬದಲಿಸುವುದು ಬೇಡ, ಮುಂದೆ ನೋಡೋಣ ಎಂದ.

"ನೋಡಿದ್ದು ಸಾಕು ಇವ್ರೇ," ಎಂದಳು ದೇವಕಿ. "ಅವಳನ್ನೇ ಕೇಳಿ."

ಚೀಲದ ಜಿಪ್ ಎಳೆಯುತ್ತಿದ್ದ ಚೈತನ್ಯಾ ತಲೆಯೆತ್ತಲಿಲ್ಲ. ಅಲ್ಲಿಯ ಗೆಳತಿಯರ ಹೆಸರನ್ನು ಒಂದೊಂದಾಗಿ ಹೇಳಿದಳು. ಅವರನ್ನು ಬಿಟ್ಟುಬರುವುದು ಕಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಆದ್ರೂ ಅತ್ತೆ ಮನೇಲಿ ನಂಗೆ ನಿದ್ದೆ ಬರಲ್ಲ ಅಮ್ಮ," ಎಂದಳು ಹುಡುಗಿ, ಮೆಲ್ಲಗೆ. "ಬಂದ್ಬಿಡ್ತೀನಿ."

ಸೀರೆಗಳ ಅಡಿಯಿಂದ ದೇವಕಿ ಒಂದು ಲಕೋಟೆ ತೆಗೆದಳು. ಜಿಲ್ಲಾ ಶಿಕ್ಷಣ ಕಚೇರಿಗೆ ವರ್ಗಾವಣೆ ಕೋರಿ ಅವಳು ಬರೆದಿದ್ದ ಅರ್ಜಿ. ಹೋದ ದೀಪಾವಳಿಯ ಹೊತ್ತಿಗೆ ಮಗಳಿಗೆ ಕಾಜಾಂಗಿನಲ್ಲಿ ಜ್ವರ ಬಂದಾಗ ಬರೆದದ್ದು. ತನ್ನ ಹಂಬಲಕ್ಕೆ ಮಗುವಿನ ಓದು ಕೆಡಬಾರದೆಂದು ಕಳಿಸದೆ ಉಳಿಸಿಕೊಂಡದ್ದು. ತಾರೀಕು ಹಾಕಿದಳು. ನಿತ್ಯಾನಂದ ರುಜು ಮಾಡಿದ.

ಸೋಮವಾರ ದೇವಕಿ ಅಂಚೆ ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದಳು. ರಿಜಿಸ್ಟರ್ ಮಾಡಿಸಿ, ಲಕೋಟೆ ಅಂಚೆಯ ಚೀಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಹೊರಟಳು.