ಬಟನ್ ಇಲಿ ಮುಟ್ಟುತ್ತಿಲ್ಲ

ಅರ್ಲೀನ್‌ಗೆ ತಲೆ ಕೆಟ್ಟುಹೋಗಿತ್ತು. ಅವಳು ಸಾಕಿದ ಪುಟ್ಟ ಜಾತಿಯ ಹೆಬ್ಬಾವು ಬಟನ್ ಏಳು ವಾರದಿಂದ ಒಂದು ಇಲಿಯನ್ನೂ ಮುಟ್ಟಿರಲಿಲ್ಲ. ಮಿನ್ನೆಸೋಟದ ಜನವರಿ, ಹೊರಗೆ ಕೆರೆಯೆಲ್ಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ದಿನ ಬಿಟ್ಟು ದಿನ ಫ್ರೀಜರ್‌ನಿಂದ ಇಲಿ ತೆಗೆ, ಕರಗಿಸು, ಮೂತಿಯ ಮುಂದೆ ಆಡಿಸು, ಎಸೆ. ಸಾಕಾಗಿತ್ತು.

"ಇವತ್ತು ಬಾಯಿ ಬಿಡಿಸಿ ತುರುಕೇ ಬಿಡ್ತೀನಿ!" ಎಂದು ಚಿಮಟ ಹಿಡಿದು ನಿಂತಳು.

ಅಷ್ಟರಲ್ಲಿ ಪಕ್ಕದ ಮನೆಯ ಓಪಲ್ ಬಂದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ.

"ಇಡೇ ಆ ಚಿಮಟಾನ ಕೆಳಗೆ! ಬಾಯಿ ಹರಿದು ಹುಣ್ಣಾದ್ರೆ ಸತ್ತೇ ಹೋಗುತ್ತೆ."

"ಉಪವಾಸ ಬಿದ್ದು ಸಾಯೋದು ವಾಸೀನಾ? ನೀನೇನು ಹಾವಿನ ಅತ್ತೇನಾ?"

"ತೂಕ ನೋಡಿದ್ಯಾ?"

"ಹಾವಿನ ತೂಕ ಯಾರೇ ನೋಡ್ತಾರೆ!"

ಅಡುಗೆಮನೆಯ ತಕ್ಕಡಿ ಬಂತು. ಆಸ್ಪತ್ರೆಯವರು ಅಕ್ಟೋಬರಿನಲ್ಲಿ ಅದರ ತೂಕ ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲ ಮೇಲೇ ಇತ್ತು. ಅದಕ್ಕೂ ಇವತ್ತಿಗೂ ಹತ್ತೇ ಗ್ರಾಂ ವ್ಯತ್ಯಾಸ.

"ನೋಡು, ಸೊರಗಿಲ್ಲ. ಬೆಳೆದ ಹಾವು ಕಣೇ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಾಯಿ ಮುಚ್ಕೊಂಡಿರುತ್ತೆ. ಪೊರೆ ಬಿಡೋ ಮುಂಚೇನೂ ಅಷ್ಟೆ. ಗಾಜಿನ ಪೆಟ್ಟಿಗೇಲಿ ಬಿಸಿ ಎಷ್ಟಿದೆ?"

"ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಮೇಲೇ ತಗಲಿಹಾಕಿದೀನಲ್ಲ!"

"ಬಿಸಿ ಕೊಡೋ ದೀಪದ ಪಕ್ಕ ತಗಲಿಹಾಕಿದ್ರೆ ಇನ್ನೇನು ತೋರ್ಸುತ್ತೆ? ಹಾವು ನೆಲದಲ್ಲಿ ತಾನೇ ಮಲಗೋದು?"

ಓಪಲ್ ಥರ್ಮಾಮೀಟರನ್ನು ಪೆಟ್ಟಿಗೆಯ ನೆಲದಲ್ಲಿ ಹಾವಿನ ಪಕ್ಕ ಇಟ್ಟಳು. ಇಬ್ಬರೂ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದು ಎಪ್ಪತ್ತು ಡಿಗ್ರಿಗೆ ಇಳಿದಿತ್ತು.

"ಮೈ ಬೆಚ್ಚಗಿಲ್ದೆ ತಿಂದಿದ್ದು ಅರಗೋದು ಹೇಗೆ? ಪೆಟ್ಟಿಗೆ ಕೆಳಗೆ ಹೀಟ್ ಪ್ಯಾಡ್ ಇಡು, ಬಿಸಿ ಮಿತಿ ಮೀರದ ಹಾಗೆ ಥರ್ಮೋಸ್ಟಾಟ್ ಹಾಕಿ." ಓಪಲ್ ಇಲಿಯ ಚೀಲ ಮೂಸಿ ಮೂಗು ಮುಚ್ಚಿಕೊಂಡಳು. "ಇದೇನೇ, ಇಲಿ ಮೀನು ನಾರ್ತಿದೆ? ಇಲಿ ವಾಸನೆ ಇಲ್ದೆ ಹಾವು ಹೇಗೆ ತಿನ್ನುತ್ತೆ?"

ಅರ್ಲೀನ್ ತುಟಿ ಕಚ್ಚಿಕೊಂಡಳು. "ರಸ್ ಕೆರೆ ಮಂಜುಗಡ್ಡೆ ಕೊರೆದು ಮೀನು ಹಿಡ್ಕೊಂಡ್ ಬರ್ತಾನಲ್ಲ... ಆ ಮೀನು ಇಡೋ ತಟ್ಟೇಲೇ ಇಲಿ ಕರಗಿಸ್ತಿದ್ದೆ."

ಒಳಗಿನಿಂದ ಗಂಡ ರಸ್ ಕಿರುಚಿದ. "ನನ್ನ ಮೀನಿನ ತಟ್ಟೇಲಾ? ನಿನ್ನೆ ಅದರಲ್ಲಿದ್ದ ಮೀನನ್ನೇ ಹುರ್ಕೊಂಡ್ ತಿಂದ್ವಲ್ಲೇ!"

"ಇಬ್ರೂ ಮೊದ್ಲು ತಟ್ಟೆ ಬೇರೆ ಮಾಡಿ, ಕೈ ತೊಳೀರಿ," ಎಂದು ಓಪಲ್ ಗದರಿದಳು. "ಇನ್ನೊಂದು. ಬಂದೋರಿಗೆಲ್ಲ ಹಾವನ್ನ ಎತ್ತೆತ್ತಿ ತೋರಿಸ್ಬೇಡ ಮಾರಾಯ್ತಿ. ಅವಿತುಕೊಳ್ಳೋಕೆ ಒಂದು ಡಬ್ಬ ಕೊಡು. ಹತ್ತು ದಿನ ಕೈ ಹಾಕ್ಬೇಡ."

ಅರ್ಲೀನ್ ಹತ್ತು ದಿನ ಹಲ್ಲು ಕಡಿಯುತ್ತ ಕೂತಳು. ಹನ್ನೊಂದನೆಯ ಸಂಜೆ, ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿದ ಇಲಿಯನ್ನು ಇಳಿಬಿಟ್ಟಳು. ಡಬ್ಬದಿಂದ ಮೂತಿ ಬಂತು. ನಾಲಿಗೆ ಬಂತು. ಆಮೇಲೆ ಫಟ್!

"ಎರಡು ತಿಂಗಳು ನನ್ನ ಜೀವ ತಿಂದೆಯಲ್ಲೋ," ಎಂದಳು ಅರ್ಲೀನ್, ಕಣ್ಣೊರೆಸಿಕೊಳ್ಳುತ್ತ. "ಈಗ ಇಲಿ ತಿನ್ನು."

ಹಾವು ಸಾಕಿದವರೇ, ನಿಮ್ಮದೂ ಹಟ ಹಿಡಿದಿದೆಯಾ? ಬೈಯುವ ಮೊದಲು ತೂಕ ನೋಡಿ. ಅದು ಮಲಗುವ ಜಾಗದಲ್ಲೇ ಬಿಸಿ ಅಳೆಯಿರಿ, ಅಡಗಲು ಗೂಡು ಕೊಡಿ, ಸುಮ್ಮನೆ ಬಿಡಿ. ತೂಕ ಇಳಿಯುತ್ತಿದ್ದರೆ, ಉಸಿರು ಸದ್ದು ಮಾಡಿದರೆ, ಬಾಯಲ್ಲಿ ಲೋಳೆ ಕಂಡರೆ ಕಾಯಬೇಡಿ, ವೈದ್ಯರಲ್ಲಿಗೆ ಓಡಿ. ಆದರೆ ಮೊದಲು ಆ ಚಿಮಟ ಕೆಳಗಿಡಿ!