ಜಗಲಿಯ ಅಳತೆ

ನಾರ್ಬರ್ಟ್ ಮೊಣಕಾಲೂರಿ ಸಭಾಭವನದ ನೆಲಕ್ಕೆ ನೀಲಿ ಟೇಪು ಅಂಟಿಸುತ್ತಿದ್ದರು. ಅಮ್ಮಣ್ಣಿಯವರು ಚಪ್ಪಲಿ ಕಳಚಿ ಗೋಡೆಯ ಬದಿಗಿಟ್ಟು, ಗೆರೆ ಎಲ್ಲಿ ತಿರುಗುತ್ತದೆಂದು ನೋಡುತ್ತ ನಿಂತಿದ್ದರು. ಕಾಗದದ ಮೇಲಿನ ನಕ್ಷೆ ತನಗೆ ತಿಳಿಯುವುದಿಲ್ಲ, ಮನೆ ಎಷ್ಟು ದೊಡ್ಡದೋ ಅಷ್ಟನ್ನೂ ನೆಲದ ಮೇಲೆ ತೋರಿಸಬೇಕು ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ಇಪ್ಪತ್ತು ವರ್ಷದಿಂದ ದುಬೈಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ನಾರ್ಬರ್ಟ್‌ಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ. ಅವರು ನಕ್ಕು, ಅಂಗಡಿಗೆ ಹೋಗಿ ಎರಡು ಸುರುಳಿ ಟೇಪು ತಂದಿದ್ದರು.

ದುಬೈಯ ಊದ್ ಮೇಥಾ ಬಡಾವಣೆಯ ಆ ಭವನದಲ್ಲಿ ಸಂಜೆ ಐದಕ್ಕೆ ಕರಾವಳಿಯವರ ಕೂಟವಿತ್ತು. ಅಲ್ಲಿ ಎಲ್ಲರ ಎದುರು ಕರಾರಿಗೆ ಸಹಿಯಾಗಬೇಕಿತ್ತು. ಒಂದು ಸಹಿ ಮನೆ ಕಟ್ಟಿಸಿಕೊಡುವ ತಿಲಕ್ ಅವರದು, ಇನ್ನೊಂದು ಊರಿನಲ್ಲಿ ಬುಟ್ಟಿ ಹೆಣೆದು ಬದುಕುವ ಕೊರಗರ ಮನೆ ಸಂಘದ ಅಧ್ಯಕ್ಷೆ ಅಮ್ಮಣ್ಣಿಯವರದು. ಮನೆಗಳಲ್ಲಿ ವಾಸಿಸುವವರೇ ಆ ಸಂಘದ ಸದಸ್ಯರು. ಯಾರಿಗೆ ಮೊದಲು ಮನೆ ಎಂಬುದನ್ನು ಎಲ್ಲರೂ ಕೂತು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು.

ತಿಲಕ್ ಕೆಟ್ಟವರಲ್ಲ. ಮೂರು ವರ್ಷದ ಹಿಂದೆ, ತಾಯಿ ತೀರಿಕೊಂಡ ಸುದ್ದಿ ಬಂದ ದಿನ, ಅವರ ಪಾಸ್‌ಪೋರ್ಟ್ ಕಾಣದಾಯಿತು. ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನ ಸಣ್ಣ ಮೂರ್ತಿ ಕಾರಿನಲ್ಲಿತ್ತು. ಅದಕ್ಕೆ ಕೈಮುಗಿದು, ಪಾಸ್‌ಪೋರ್ಟ್ ಸಿಕ್ಕಿದರೆ ಅಜ್ಜನ ಕುಲದವರಿಗೆ ಏಳು ಮನೆ ಕಟ್ಟಿಸುತ್ತೇನೆಂದು ಹರಕೆ ಹೇಳಿಕೊಂಡರು. ಅರ್ಧ ಗಂಟೆಯೊಳಗೆ ಸೀಟಿನ ಸಂದಿಯಲ್ಲಿ ಅದು ಸಿಕ್ಕಿತು. ಊರಿಗೆ ಹೋಗಿ ತಾಯಿಯ ಮುಖ ನೋಡಿ ಚಿತೆಗೆ ಬೆಂಕಿ ಕೊಟ್ಟರು. ಆ ಹರಕೆ ತೀರಿಸಲೆಂದೇ ಅವರು ಅಮ್ಮಣ್ಣಿಯವರನ್ನು ದುಬೈಗೆ ಕರೆಸಿ, ಅಲ್ ಬರ್ಷಾದ ತಮ್ಮ ಮನೆಯಲ್ಲಿ ಉಳಿಸಿಕೊಂಡಿದ್ದರು. ತಿಲಕರ ಹೆಂಡತಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊಟ ಬಡಿಸಿದ್ದರು. ಚಿಕ್ಕಂದಿನಲ್ಲಿ ಇಂಥವರ ಅಂಗಳದಾಚೆ ನಿಂತೇ ಅನ್ನ ಇಸಿದುಕೊಂಡಿದ್ದ ಅಮ್ಮಣ್ಣಿಯವರು ಬಾಗಿಲ ಕಡೆಗೊಮ್ಮೆ ನೋಡಿ ಮೊದಲ ತುತ್ತು ಎತ್ತಿದರು. ಅವರ ಹಿರಿಯರು ಇಂಥವರನ್ನು ಧನಿ, ಅಂದರೆ ಒಡೆಯ, ಎನ್ನುತ್ತಿದ್ದರು. ತಾನು ಅಣ್ಣ ಎಂದೇ ಕರೆಯಬೇಕೆಂದು ವಿಮಾನ ಹತ್ತುವ ಮೊದಲೇ ಅವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಕರಾರಿನಲ್ಲಿ ತಿಲಕ್ ಹಾಕಿದ ಎರಡು ಷರತ್ತುಗಳಿದ್ದವು. ಮನೆ ಯಾರಿಗೆಂದು ದುಬೈಯ ಒಂದು ಕಮಿಟಿ ಆರಿಸುತ್ತದೆ. ಪ್ರತಿ ಬಾಗಿಲ ಮೇಲೂ ತಿಲಕರ ತಾಯಿಯ ಹೆಸರಿರುತ್ತದೆ.

ಟೇಪಿನ ಕೊನೆಯ ತುಂಡು ಅಂಟಿತು. ಅಮ್ಮಣ್ಣಿಯವರು ಬಾಗಿಲಿನಿಂದಲೇ ಒಳಗೆ ಹೋಗಿ, ಕೋಣೆ, ಅಡಿಗೆಮನೆ ನೋಡಿ, ಮತ್ತೆ ಬಾಗಿಲಿನಿಂದಲೇ ಹೊರಗೆ ಬಂದು ನಿಂತರು.

"ಪರ್ಬುಗಳೇ, ಜಗಲಿ ಎಲ್ಲಿ?" ಎಂದು ನಾರ್ಬರ್ಟರನ್ನು ಕೇಳಿದರು. ಊರಿನಲ್ಲಿ ಕ್ರೈಸ್ತರನ್ನು ಹಾಗೆಯೇ ಕರೆಯುವುದು.

"ನೀವು ನಿಂತದ್ದೇ ಜಗಲಿಯ ಮೇಲೆ ಮಾರಾಯ್ರೆ."

ಅವರು ಬಗ್ಗಿ ತಮ್ಮ ಪಾದ ನೋಡಿಕೊಂಡರು. "ಬೆರಳು ಅಂಗಳದಲ್ಲುಂಟು, ಹಿಮ್ಮಡಿ ಕೋಣೆಯಲ್ಲುಂಟು. ಜಗಲಿ ನನ್ನ ಕಾಲಡಿಯಲ್ಲೇ ಮುಗಿಯಿತಲ್ಲ."

ನಾರ್ಬರ್ಟ್ ನಗು ತಡೆದುಕೊಂಡರು. ಒಳಗೆ ಟೈಲ್ಸ್ ಇದೆ, ಎಸಿ ಹಾಕಲು ಪಾಯಿಂಟ್ ಇದೆ, ಎರಡು ಬಾತ್‌ರೂಮ್ ಇದೆ, ಈ ಕಾಲದಲ್ಲಿ ಜಗಲಿ ಯಾರಿಗೆ ಬೇಕು ಎಂದು, ಕರಾರಿನ ಹಾಳೆ ಹಿಡಿದು ಪಕ್ಕದಲ್ಲೇ ನಿಂತಿದ್ದ ತಿಲಕ್ ಕೇಳಿದರು. ಅಮ್ಮಣ್ಣಿಯವರು ವೇದಿಕೆಯ ಮೇಲಿದ್ದ ಮೈಕಿನ ವಯರು ತನಗೆ ಸ್ವಲ್ಪ ಬೇಕು ಎಂದರು. ಕೂಟಕ್ಕೆ ಇನ್ನು ಅರ್ಧ ಗಂಟೆ ಮಾತ್ರ ಇದೆ ಎಂದು ತಿಲಕ್ ನೆನಪಿಸಿದರು. ಅಷ್ಟು ಸಾಕು ಎಂದರು ಅಮ್ಮಣ್ಣಿಯವರು.

ಅವರು ಜಗಲಿಯ ಟೇಪಿನ ಗೆರೆಗಳ ನಡುವೆ ಕಾಲು ಚಾಚಿ ಕುಳಿತು, ವಯರನ್ನು ಬಳ್ಳಿಯಂತೆ ಎಳೆದುಕೊಂಡರು. ಒಂದು ಕಾಲಿನಿಂದ ಬುಡ ಒತ್ತಿ ಹಿಡಿದು, ಬುಟ್ಟಿಯ ತಳಕ್ಕೆ ಬಳ್ಳಿ ಸುತ್ತುವಂತೆ ಸುತ್ತಿದರು. ಮೊಣಕೈ ಗೋಡೆಯ ಗೆರೆ ದಾಟಿತು. ವಯರಿನ ಬಾಲ ಅಂಗಳ ದಾಟಿ ವೇದಿಕೆಯ ಮೆಟ್ಟಿಲವರೆಗೆ ಬಿದ್ದುಕೊಂಡಿತ್ತು.

"ಕಾಡಿನಿಂದ ತಂದ ಬಳ್ಳಿ ಇಷ್ಟು ಉದ್ದ ಇರ್ತದೆ ತಿಲಕಣ್ಣ. ಮಳೆಗಾಲದಲ್ಲಿ ಇದನ್ನು ಎಲ್ಲಿ ಹಾಕುವುದು?"

ತಿಲಕರ ದನಿ ಸ್ವಲ್ಪ ಬಿಗಿಯಾಯಿತು. "ಹಿಂದೆ ಒಬ್ಬರು ಕೊಟ್ಟ ಹದಿನಾಲ್ಕು ಮನೆಗಳನ್ನು ನಾನೇ ಹೋಗಿ ನೋಡಿದ್ದೇನೆ ಅಕ್ಕಾ. ಮನೆಯೊಳಗೆ ಕಟ್ಟಿಗೆ ತುಂಬಿಸಿ ನಿಮ್ಮವರು ಹೊರಗೆ ಸೋಗೆ ಕಟ್ಟಿ ಕೂತಿದ್ದರು. ಅದಕ್ಕೇ ಈ ಸಲ ಕಮಿಟಿ ಅಂತ ಮಾಡಿದ್ದು. ಬೇಜಾರು ಮಾಡಬೇಡಿ."

"ಸೋಗೆ ಕಟ್ಟಿ ಹೊರಗೆ ಕೂತವರು ಬದುಕಿದರು," ಎಂದರು ಅಮ್ಮಣ್ಣಿಯವರು. ಅವರ ಕೈ ವಯರು ಸುತ್ತುವುದನ್ನು ನಿಲ್ಲಿಸಲಿಲ್ಲ. "ನಮ್ಮ ಯಜಮಾನರು ಪೂವಪ್ಪ ಆಗ ಅಧ್ಯಕ್ಷರು. ಕೊಟ್ಟವರಿಗೆ ಬೇಸರ ಆಗಬಾರದು ಅಂತ ಒಳಗೇ ಕೂತು ಬುಟ್ಟಿ ಹೆಣೆದರು. ಹಸಿ ಬಳ್ಳಿ, ಮುಚ್ಚಿದ ಕೋಣೆ, ಗೋಡೆಯಲ್ಲೆಲ್ಲ ನೀರು. ಮೂರು ಮಳೆಗಾಲ ಕೆಮ್ಮಿದರು. ಕಳೆದ ಆಟಿ ತಿಂಗಳ ಮಳೆಯಲ್ಲಿ ತೀರಿಹೋದರು. ಆ ನಕ್ಷೆಗೆ ಸಹಿ ಹಾಕಿದವರೂ ಅವರೇ. ಹೆಣೆಯುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ."

ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿಗಳನ್ನು ಎಳೆಯುತ್ತಿದ್ದರು.

ನಾರ್ಬರ್ಟ್ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಮನೆ ಕಿರಿದು ಮಾಡದೆ ಇಷ್ಟು ಅಗಲದ ಜಗಲಿ, ಅದಕ್ಕೆ ಮೇಲೆ ಮಾಡು, ಕೆಳಗೆ ಪಂಚಾಂಗದ ಕಟ್ಟೆ ಎಲ್ಲ ಸೇರಿದರೆ ಇರುವ ಹಣದಲ್ಲಿ ಏಳಾಗುವುದಿಲ್ಲ, ಐದೇ ಮನೆ ಎಂದರು.

"ಐದಾಗಲಿ," ಎಂದರು ಅಮ್ಮಣ್ಣಿಯವರು.

"ಚೀಟಿಯಲ್ಲಿ ಏಳು ಮನೆಯವರ ಹೆಸರು ಬಂದಿದೆ ಅಂತ ನೀವೇ ಹೇಳಿದ್ದಲ್ಲ," ಎಂದರು ತಿಲಕ್. "ಉಳಿದ ಇಬ್ಬರಿಗೆ ಯಾರು ಹೇಳುವುದು?"

"ಏಳನೆಯವರಿಗೆ ನಾನು ಹೇಳುತ್ತೇನೆ. ಆರನೆಯದು ನನ್ನದೇ."

ತಿಲಕ್ ಕುರ್ಚಿ ಎಳೆದು ಕುಳಿತರು. ಅವರಿಗೆ ಬೇರೆಯೇ ಚಿಂತೆ ಹಿಡಿದಿತ್ತು. "ನಾನು ಹರಕೆ ಹೇಳಿದ್ದು ಏಳು. ಅಜ್ಜನಿಗೆ ಎಂತ ಹೇಳುವುದು?"

"ಅಜ್ಜನ ಹತ್ತಿರ ನಾನು ಮಾತಾಡುತ್ತೇನೆ. ಅಜ್ಜ ನಮ್ಮ ಕುಲದವರೇ ಅಲ್ಲವಾ. ಉಳಿದ ಎರಡನ್ನು ಕೈಯಲ್ಲಿ ಆದಾಗ ಕಟ್ಟಿಸಿ. ಇಂಥ ದಿನದೊಳಗೆ ಅಂತ ಅಜ್ಜ ಹೇಳಲಿಲ್ಲ, ಹರಕೆಯಲ್ಲಿ ನೀವೂ ಹೇಳಿಲ್ಲ. ಆದರೆ ಕಮಿಟಿ ಬೇಡ. ಅದು ಬೇಕೇ ಬೇಕು ಅಂತಾದರೆ ಮನೆಯೂ ಬೇಡ, ನಾಳೆ ನಾನು ಹೀಗೆಯೇ ಹಿಂದೆ ಹೋಗುತ್ತೇನೆ."

ಅವರ ದನಿ ಏರಿರಲಿಲ್ಲ. ತಿಲಕ್ ಕರಾರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಬಾಗಿಲ ಬಳಿ ಸೀರೆಯುಟ್ಟ ನಾಲ್ಕೈದು ಹೆಂಗಸರು ಬಂದು ನಿಂತರು. ನೆಲದ ಮೇಲಿನ ಮನೆಯನ್ನೂ ಅದರ ಮುಂದೆ ಕುಳಿತವರನ್ನೂ ಕಂಡು ಒಳಗೆ ಬರಲು ಹಿಂಜರಿದರು.

"ಅಮ್ಮನ ಹೆಸರು?" ತಿಲಕ್ ಮೆಲ್ಲಗೆ ಕೇಳಿದರು. ಅದು ಷರತ್ತು ಹಾಕುವವರ ದನಿಯಾಗಿರಲಿಲ್ಲ.

ಅಮ್ಮಣ್ಣಿಯವರ ಕೈ ಮೊದಲ ಸಲ ನಿಂತಿತು. "ಬಾಗಿಲಿಗೆ ಒಳಗೆ ಇರುವವರ ಹೆಸರು ಇರಲಿ ಅಣ್ಣ. ಅಮ್ಮನ ಹೆಸರನ್ನು ಬಾವಿಕಟ್ಟೆಗೆ ಹಾಕುವ. ದಿನಾ ನೀರು ಸೇದುವಾಗ ಎಲ್ಲರೂ ನೋಡ್ತಾರೆ."

ತಿಲಕ್ ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ತೊಡೆಯ ಮೇಲಿಟ್ಟು, ಕಮಿಟಿಯ ಸಾಲನ್ನು ಅಡ್ಡಕ್ಕೆ ಹೊಡೆದರು. ಅದರ ಕೆಳಗಿನ ಸಾಲನ್ನೂ ಹೊಡೆದರು. ಆಮೇಲೆ ಕಣ್ಣೊರೆಸಿಕೊಂಡು, "ನಾರ್ಬರ್ಟ್, ಮುಂದಿನ ಆ ಟೇಪು ಕಿತ್ತು ಹಾಕಿ. ಎಲ್ಲಿಗೆ ಹಾಕಬೇಕು ಅಂತ ಅಕ್ಕನನ್ನೇ ಕೇಳಿ," ಎಂದರು.

ನಾರ್ಬರ್ಟ್ ಮತ್ತೆ ಮೊಣಕಾಲೂರಿದರು. ಟೇಪು ಚರ್ರೆಂದು ಎದ್ದು ಬಂತು. ಅಮ್ಮಣ್ಣಿಯವರು ಏಳಲಿಲ್ಲ. ಕುಳಿತಲ್ಲೇ ಬಲಕ್ಕೆ ಸ್ವಲ್ಪ ಸರಿದು, ಎಡಗಡೆ, ಪೂವಪ್ಪ ಹೆಣೆಯಲು ಕೂರುತ್ತಿದ್ದ ಬದಿಯಲ್ಲಿ, ಇನ್ನೊಬ್ಬರು ಕಾಲು ಚಾಚಿ ಕೂರುವಷ್ಟು ಜಾಗ ಬಿಟ್ಟರು. ವಯರಿನ ಒಂದು ತುದಿಯನ್ನು ಆ ಕಡೆಗೆ ಹಾಕಿದರು.

"ಇಲ್ಲಿಗೆ ಸಾಕಾ?" ನಾರ್ಬರ್ಟ್ ನೆಲದ ಮೇಲೆ ಬೆರಳಿಟ್ಟು ಕೇಳಿದರು.

ಅಮ್ಮಣ್ಣಿಯವರು ಎಡಗಡೆಯ ಖಾಲಿ ನೆಲವನ್ನು ಅಂಗೈಯಿಂದ ಒಮ್ಮೆ ಸವರಿದರು.

"ಇನ್ನೂ ಸ್ವಲ್ಪ," ಎಂದರು.